ಧಾರಾವಾಹಿಯ ಸಂಗೀತ, ಎದುರಿಗೇ ಆರ್ಕೆಸ್ಟ್ರಾ: ಕೊಡಗಿನಿಂದ ಹೋಗಿ ಕೇಳಿ ಬರುವವರಿಗೆ ಸಮಗ್ರ ಮಾರ್ಗದರ್ಶಿ

ದೀಪಗಳು ಇನ್ನೂ ಪೂರ್ತಿ ಆರಿರುವುದಿಲ್ಲ. ವೇದಿಕೆ ಮೇಲೆ ಅರವತ್ತು ಎಪ್ಪತ್ತು ಜನ ಕೂತು ತಮ್ಮ ಪಾಡಿಗೆ ಏನೇನೋ ನುಡಿಸಿಕೊಳ್ಳುತ್ತಿರುತ್ತಾರೆ, ಸಂತೆಯ ಗದ್ದಲದ ಹಾಗೆ. ಮುಂದಿನ ಸಾಲಿನ ಪಿಟೀಲುಗಾರರೊಬ್ಬರು ಎದ್ದು ನಿಲ್ಲುತ್ತಾರೆ. ಗದ್ದಲ ನಿಲ್ಲುತ್ತದೆ. ಮಧ್ಯದಲ್ಲಿ ಕೂತ ಓಬೋ ಎಂಬ ಊದುವ ವಾದ್ಯದವರು ಒಂದೇ ಒಂದು ಸ್ವರ ಹಿಡಿಯುತ್ತಾರೆ. ಆ ಸ್ವರಕ್ಕೆ ಮಿಕ್ಕವರೆಲ್ಲ ತಮ್ಮ ವಾದ್ಯ ಕೂಡಿಸಿಕೊಳ್ಳುತ್ತಾರೆ, ಇಡೀ ಸಭಾಂಗಣ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ.

ಆ ಹೊತ್ತಿಗೆ ನೀವು ನಿಮ್ಮ ಸೀಟಿನಲ್ಲಿ ಕೂತಿರಬೇಕು. ಉಸಿರು ಹದಕ್ಕೆ ಬಂದಿರಬೇಕು, ಫೋನ್ ಆಫ್ ಆಗಿರಬೇಕು. ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಅದೊಂದಕ್ಕಾಗಿ. ಯಾಕೆಂದರೆ ಮೊದಲ ಸಲ ಹೋದಾಗ ನಾನು ಅದನ್ನು ಕಳೆದುಕೊಂಡೆ. ನಾಪೋಕ್ಲಿನಿಂದ ಬೆಳಿಗ್ಗೆ ಹೊರಟರೆ ಸಂಜೆ ಆರೂವರೆಯ ಕಾರ್ಯಕ್ರಮಕ್ಕೆ ಬೆಂಗಳೂರು ಮುಟ್ಟಬಹುದು ಎಂದುಕೊಂಡಿದ್ದೆವು, ನಾನು ಮತ್ತು ತಂಗಿ. ಮಡಿಕೇರಿಯಲ್ಲಿ ಬಸ್ ತಡ, ಮಧ್ಯೆ ಊಟಕ್ಕೆ ನಿಂತದ್ದು ತಡ, ಊರೊಳಗೆ ಟ್ರಾಫಿಕ್. ಬಾಗಿಲಿಗೆ ಬಂದಾಗ ಆರೂ ಮುಕ್ಕಾಲು. ಮೊದಲ ತುಣುಕು ಮುಗಿಯುವ ತನಕ ಒಳಗೆ ಬಿಡುವ ಹಾಗಿಲ್ಲ ಎಂದರು, ಅದು ಸರಿಯಾದ ನಿಯಮವೇ. ವರ್ಷಗಟ್ಟಲೆ ಪರದೆಯ ಮುಂದೆ ಕೂತು ಕೇಳಿದ್ದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ನಾವಿಬ್ಬರೂ ದಪ್ಪ ಮರದ ಬಾಗಿಲಿನ ಆಚೆ ನಿಂತು ಕೇಳಿದೆವು. ಚೆಲ್ಲೋ ಎಂಬ ದೊಡ್ಡ ತಂತಿವಾದ್ಯದ ನಾದ ಬಾಗಿಲು ದಾಟಿ ಬರಲಿಲ್ಲ, ನಗಾರಿಯ ಗುಡುಗು ಮಾತ್ರ ಬಂತು. ತಂಗಿಯ ಕಣ್ಣು ತುಂಬಿತ್ತು.

ನಿಮಗೆ ಹಾಗಾಗಬಾರದು.

ಯಾವ ಬಗೆಯ ಕಾರ್ಯಕ್ರಮ ಅಂತ ಮೊದಲು ತಿಳಿದುಕೊಳ್ಳಿ

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಹಬ್ಬದ ಪೆಂಡಾಲಿನಲ್ಲಿ ಕೀಬೋರ್ಡ್, ಪ್ಯಾಡ್ ಇಟ್ಟುಕೊಂಡು ಸಿನಿಮಾ ಹಾಡು ಹಾಡುವ ತಂಡ. ಮನೆಯಲ್ಲಿ "ಆರ್ಕೆಸ್ಟ್ರಾಕ್ಕೆ ಹೋಗ್ತೀವಿ" ಅಂದರೆ "ಅದಕ್ಕೆ ಬೆಂಗಳೂರಿಗೆ ಯಾಕೆ?" ಎಂದು ಕೇಳುವುದು ಸಹಜ. ಇದು ಸಿಂಫನಿ ಆರ್ಕೆಸ್ಟ್ರಾ. ನಾಲ್ಕು ಮನೆತನ ಸೇರಿದ ಊರು ಅಂತ ಇಟ್ಟುಕೊಳ್ಳಿ: ಕಮಾನಿನಿಂದ ನುಡಿಸುವ ತಂತಿವಾದ್ಯಗಳು (ಪಿಟೀಲು, ವಯೋಲಾ, ಚೆಲ್ಲೋ, ಡಬಲ್ ಬಾಸ್), ಓಬೋ ಕ್ಲಾರಿನೆಟ್ ಥರದ ಊದುವ ವಾದ್ಯಗಳು, ಹಿತ್ತಾಳೆಯ ತುತ್ತೂರಿಗಳು, ಹಿಂದುಗಡೆ ತಾಳವಾದ್ಯಗಳು. ಕೆಲವು ಕಡೆ ಇವರ ಹಿಂದೆ ನಿಂತು ಹಾಡುವ ವೃಂದವೂ ಇರುತ್ತದೆ.

ಧಾರಾವಾಹಿ ಸಂಗೀತದ ಕಾರ್ಯಕ್ರಮಗಳು ಮೂರು ಥರ ಬರುತ್ತವೆ. ಒಂದು, ದೊಡ್ಡ ಕ್ರೀಡಾಂಗಣದಂಥ ಜಾಗದಲ್ಲಿ ದೊಡ್ಡ ಪರದೆ ಕಟ್ಟಿ, ದೃಶ್ಯ ಓಡಿಸುತ್ತಾ ಅದರ ಜೊತೆಗೇ ನುಡಿಸುವುದು. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಸಂಗೀತ ನಿರ್ದೇಶಕ ರಮಿನ್ ಜವಾದಿ 2017ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು ಇಂಥ ಪ್ರವಾಸವನ್ನೇ. ಎರಡನೆಯದು, ಪರದೆ ಇಲ್ಲದೆ ಸಭಾಂಗಣದಲ್ಲಿ ಪೂರ್ತಿ ಆರ್ಕೆಸ್ಟ್ರಾ ಕೂತು ನುಡಿಸುವುದು. ಮೂರನೆಯದು ಮೇಣದ ಬತ್ತಿ ಹಚ್ಚಿಟ್ಟು ನಾಲ್ಕೇ ಜನ, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಅದೇ ರಾಗಗಳನ್ನು ಸಣ್ಣದಾಗಿ ನುಡಿಸುವುದು. ಅದೂ ಚೆಂದ. ಆದರೆ ಅದು ಆರ್ಕೆಸ್ಟ್ರಾ ಅಲ್ಲ. ಜಾಹೀರಾತಿನ ಚಿತ್ರ ನೋಡಿ ದುಡ್ಡು ಕಟ್ಟಬೇಡಿ. ಎಷ್ಟು ಜನ ನುಡಿಸುತ್ತಾರೆ, ಪರದೆ ಇದೆಯಾ, ಹಾಡುವ ವೃಂದ ಇದೆಯಾ, ಈ ಮೂರು ಪ್ರಶ್ನೆಗೆ ಟಿಕೆಟ್ ಪುಟದಲ್ಲಿ ಉತ್ತರ ಸಿಗದಿದ್ದರೆ ಸಂಘಟಕರಿಗೆ ಫೋನ್ ಮಾಡಿ ಕೇಳಿ.

ನಮ್ಮ ದೇಶದಲ್ಲಿ ಪೂರ್ತಿ ಪ್ರಮಾಣದ ಸಿಂಫನಿ ಕೇಳಬೇಕೆಂದರೆ ಮುಂಬೈಯ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಮೇಲೆ ಕಣ್ಣಿಟ್ಟಿರಿ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮನೆ ಅದು. ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನ, ಕೋಣನಕುಂಟೆಯ ಪ್ರೆಸ್ಟೀಜ್ ಸೆಂಟರ್ ಫಾರ್ ಪರ್ಫಾರ್ಮಿಂಗ್ ಆರ್ಟ್ಸ್ ಇಂಥ ಕಡೆ ಏನು ನಡೆಯುತ್ತಿದೆ ಅಂತ ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಚೌಡಯ್ಯ ಭವನವನ್ನು ಹೊರಗಿನಿಂದ ನೋಡುವುದೇ ಒಂದು ಸುಖ, ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಏಳು ತಂತಿಯ ಪಿಟೀಲು ನುಡಿಸಿದ ಮೈಸೂರು ಟಿ. ಚೌಡಯ್ಯನವರ ಹೆಸರು ಅದಕ್ಕೆ.

ಟಿಕೆಟ್ ತೆಗೆಯುವ ಮುಂಚೆ ತೋಟದ ಕ್ಯಾಲೆಂಡರ್ ನೋಡಿ

ಇದನ್ನು ಬೇರೆ ಊರಿನವರಿಗೆ ಹೇಳಬೇಕಾಗಿಲ್ಲ, ನಮಗೆ ಹೇಳಲೇಬೇಕು. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಲು. ಕಣದಲ್ಲಿ ಕಾಫಿ ಹರಡಿ, ಆಕಾಶ ನೋಡುತ್ತಾ ಕೂತಿರುವಾಗ ಎರಡು ದಿನ ಊರು ಬಿಡುವುದು ಕಷ್ಟ. ಅಂಥ ದಿನಕ್ಕೆ ಟಿಕೆಟ್ ತೆಗೆದರೆ ಕಣ ನೋಡಿಕೊಳ್ಳಲು ಯಾರನ್ನಾದರೂ ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. 2018ರ ಆಗಸ್ಟ್ ಯಾರಿಗೂ ಮರೆತಿಲ್ಲ. ಆ ತಿಂಗಳುಗಳಲ್ಲಿ ಒಂದು ದಿನ ಮುಂಚೆಯೇ ಹೊರಡಬೇಕು.

ಸೀಟು ಕಾಯ್ದಿರಿಸುವಾಗ ನೆಟ್‌ವರ್ಕ್ ಕೈ ಕೊಡುತ್ತದೆ. ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಟಿಕೆಟ್ ಬಿಡುವ ದಿನ ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಕೂತು ತೆಗೆಯಿರಿ, ಇಲ್ಲವೇ ಬೆಂಗಳೂರಿನಲ್ಲಿರುವ ಅಕ್ಕನಿಗೋ ಭಾವನಿಗೋ ಹೇಳಿ ತೆಗೆಸಿ. ಬಂದ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಗೇಟಿನ ಹತ್ತಿರ ಎಲ್ಲರೂ ಒಟ್ಟಿಗೆ ಫೋನ್ ತೆಗೆದಾಗ ಅಲ್ಲೂ ಸಿಗ್ನಲ್ ಸಿಗುವುದಿಲ್ಲ.

ಯಾವ ಸೀಟು? ಮುಂದಿನ ಸಾಲು ಬೇಡ. ಅಲ್ಲಿ ಕೂತರೆ ಎದುರಿಗಿರುವ ಪಿಟೀಲುಗಳು ಮಾತ್ರ ಜೋರಾಗಿ ಕೇಳುತ್ತವೆ, ಹಿಂದಿನ ತುತ್ತೂರಿಯವರು ಕಾಣುವುದೇ ಇಲ್ಲ. ಸಭಾಂಗಣದ ನಡುವಿನಿಂದ ಸ್ವಲ್ಪ ಹಿಂದೆ, ಇಲ್ಲವೇ ಬಾಲ್ಕನಿಯ ಮೊದಲ ಸಾಲು, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು; ಮೇಲಿನಿಂದ ನೋಡಿದರೆ ಇಡೀ ತಂಡ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಇನ್ನೊಂದು ಗುಟ್ಟು: ಸಾಮಾನ್ಯವಾಗಿ ನಮ್ಮ ಎಡಕ್ಕೆ ಪಿಟೀಲು, ಬಲಕ್ಕೆ ಚೆಲ್ಲೋ ಕೂರಿಸುತ್ತಾರೆ. ಚೆಲ್ಲೋ ನುಡಿಸುವವರ ಕೈ ನೋಡುವ ಆಸೆ ಇದ್ದರೆ ನಡುವಿನಿಂದ ಸ್ವಲ್ಪ ಎಡಕ್ಕೆ ಸೀಟು ಹಿಡಿಯಿರಿ.

ಕಿವಿ ಹದ ಮಾಡಿಕೊಳ್ಳುವುದು

ಈ ಹಂತವನ್ನು ಜನ ಬಿಟ್ಟುಬಿಡುತ್ತಾರೆ. "ಎಲ್ಲಾ ಸಂಚಿಕೆ ನೋಡಿದ್ದೀವಲ್ಲ, ಇನ್ನೇನು" ಅನ್ನುತ್ತಾರೆ. ನೋಡಿದ್ದೀರಿ, ಆದರೆ ಕೇಳಿದ್ದೀರಾ? ಧಾರಾವಾಹಿಯಲ್ಲಿ ಸಂಗೀತ ಮಾತಿನ ಅಡಿಯಲ್ಲಿ, ಕತ್ತಿಯ ಸದ್ದಿನ ಅಡಿಯಲ್ಲಿ, ಮಳೆಯ ಅಡಿಯಲ್ಲಿ ಇರುತ್ತದೆ. ಅದು ನಮ್ಮನ್ನು ಅಳಿಸುತ್ತದೆ, ಹೆದರಿಸುತ್ತದೆ, ಆದರೆ ಯಾವ ವಾದ್ಯ ಅದನ್ನು ಮಾಡಿತು ಅಂತ ನಮಗೆ ಗೊತ್ತಾಗುವುದಿಲ್ಲ. ಸಭಾಂಗಣದಲ್ಲಿ ಅದೇ ಸಂಗೀತ ಅಡಿಯಿಂದ ಎದ್ದು ಎದುರಿಗೆ ಬಂದು ಕೂರುತ್ತದೆ. ತಯಾರಿಲ್ಲದ ಕಿವಿಗೆ ಅರ್ಧ ಮಾತ್ರ ದಕ್ಕುತ್ತದೆ.

ಹಾಗಾಗಿ ಒಂದು ತಿಂಗಳ ಮೊದಲೇ ಶುರು ಮಾಡಿ. ಕಕ್ಕಡ ಮಾಸದ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದ್ದು, ಹೊರಗೆ ಹೋಗುವ ಹಾಗಿಲ್ಲ, ಒಲೆ ಮುಂದೆ ಕೂರುವುದೇ ಕೆಲಸ.

ಮೊದಲು ಗೊತ್ತಿರುವ ರಾಗದಿಂದ ಹೊರಡಿ. ಶಂಕರ್‌ನಾಗ್ ನಿರ್ದೇಶಿಸಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಶೀರ್ಷಿಕೆ ಸಂಗೀತ ಕೇಳಿದರೆ ಇವತ್ತಿಗೂ ಮನೆಯ ಹಿರಿಯರು ಕೆಲಸ ಬಿಟ್ಟು ತಲೆ ಎತ್ತುತ್ತಾರೆ. ಆ ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಅವರ ಅಣ್ಣ. ಕಣ್ಣು ಮುಚ್ಚಿ ಅದನ್ನು ಮೂರು ಸಲ ಕೇಳಿ: ಮೊದಲ ಸಲ ದನಿ ಮಾತ್ರ, ಎರಡನೇ ಸಲ ತಾಳ ಮಾತ್ರ, ಮೂರನೇ ಸಲ ಅವೆರಡರ ಹಿಂದೆ ಏನೇನಿದೆ ಅಂತ. ಇಷ್ಟು ಸಾಕು, ಕೇಳುವ ಕ್ರಮ ಬಂತು.

ಆಮೇಲೆ ನೀವು ಹೋಗುವ ಕಾರ್ಯಕ್ರಮದ ಸಂಗೀತ. ನಾವು ಹೋದದ್ದು ಗೇಮ್ ಆಫ್ ಥ್ರೋನ್ಸ್‌ಗಾಗಿ, ಅದನ್ನೇ ಉದಾಹರಣೆಗೆ ಇಡುತ್ತೇನೆ. 2011ರಿಂದ 2019ರ ತನಕ ಬಂದ ಎಂಟು ಸೀಸನ್, 73 ಸಂಚಿಕೆ. ಶೀರ್ಷಿಕೆ ಸಂಗೀತದ ಮುಖ್ಯ ದನಿ ಚೆಲ್ಲೋ. ಹಳೆಯ ಕಾಲದ ರಾಜರ ಕಥೆ ಅಂದ ಕೂಡಲೇ ಎಲ್ಲರೂ ಕೊಳಲು ಹಾಕುತ್ತಾರೆ, ನಮಗೆ ಅದು ಬೇಡ ಎಂದು ಮಾಡುವವರು ಮೊದಲೇ ತೀರ್ಮಾನಿಸಿದ್ದರಂತೆ. ಅದಕ್ಕೇ ಆ ಸಂಗೀತದಲ್ಲಿ ಒಂದು ಮಬ್ಬು, ಒಂದು ಭಾರ. ಪಿಯಾನೋ ಅಂತೂ ಆರನೇ ಸೀಸನ್ನಿನ ಕೊನೆಯ ಸಂಚಿಕೆಯ ತನಕ ಕೇಳಿಸುವುದೇ ಇಲ್ಲ. 2016ರಲ್ಲಿ ಆ ಸಂಚಿಕೆ ಶುರುವಾದಾಗ ಒಂಟಿ ಪಿಯಾನೋ ನಿಧಾನಕ್ಕೆ ನುಡಿಯಿತು, ಆಮೇಲೆ ಎಳೆಯ ಹುಡುಗರ ದನಿ, ಆಮೇಲೆ ಚರ್ಚುಗಳಲ್ಲಿ ನುಡಿಸುವ ಆರ್ಗನ್. ಸುಮಾರು ಹತ್ತು ನಿಮಿಷದ ತುಣುಕು ಅದು. ಇಷ್ಟು ವರ್ಷ ಕೇಳದ ವಾದ್ಯ ಈಗ ಯಾಕೆ ಬಂತು, ಏನೋ ಆಗಲಿದೆ ಅಂತ ಮೈ ಜುಮ್ಮೆಂದಿತ್ತು. ಇಂಥದ್ದನ್ನು ಮನೆಯಲ್ಲೇ ಗುರುತು ಮಾಡಿಟ್ಟುಕೊಂಡರೆ, ವೇದಿಕೆ ಮೇಲೆ ಪಿಯಾನೋದ ಮುಂದೆ ಒಬ್ಬರು ಬಂದು ಕೂತ ಕ್ಷಣಕ್ಕೇ ನಿಮಗೆ ಗೊತ್ತಾಗುತ್ತದೆ.

ಒಂದೊಂದು ಮನೆತನಕ್ಕೆ ಒಂದೊಂದು ರಾಗ ಇಟ್ಟು, ಆ ಮನೆತನದ ಸುದ್ದಿ ಬಂದಾಗಲೆಲ್ಲ ಅದನ್ನು ಬೇರೆ ಬೇರೆ ವೇಷದಲ್ಲಿ ತರುವುದು ಈ ಸಂಗೀತದ ಕ್ರಮ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ದೂರದ ಗದ್ದೆಯ ಆಚೆಯಿಂದ ವಾಲಗ ಕೇಳಿದರೆ ಮದುವೆಯೋ ಸಾವೋ ಅಂತ ನಮಗೆ ತಿಳಿಯುತ್ತದೆ, ಯಾರೂ ಬಂದು ಹೇಳಬೇಕಾಗಿಲ್ಲ. ಮೂರನೇ ಸೀಸನ್ನಿನ ಆ ಮದುವೆ ಮನೆ ನೆನಪಿದೆಯಲ್ಲ? ವಾದ್ಯದವರು ರಾಗ ಬದಲಾಯಿಸಿ ವೈರಿ ಮನೆತನದ ರಾಗ ಹಿಡಿಯುತ್ತಾರೆ, ಮದುವೆಗೆ ಬಂದ ತಾಯಿಯೊಬ್ಬಳ ಮುಖ ಬದಲಾಗುತ್ತದೆ. ಮದುವೆ ಚಪ್ಪರದಲ್ಲಿ ಸಾವಿನ ವಾಲಗ ಕೇಳಿದ ಹಾಗೆ. ನನಗೆ ಆ ದೃಶ್ಯ ಅರ್ಥವಾದದ್ದೇ ಹೀಗೆ.

ನಾಲ್ಕೈದು ರಾಗ ಗುನುಗುವಷ್ಟು ಬಂದರೆ ಸಾಕು. ಸಾಧ್ಯವಾದರೆ ಇಯರ್‌ಫೋನ್ ಹಾಕಿ ಕೇಳಿ, ಫೋನಿನ ಸ್ಪೀಕರಿನಲ್ಲಿ ಚೆಲ್ಲೋದ, ಡಬಲ್ ಬಾಸಿನ ತಗ್ಗು ಸ್ವರಗಳು ಸರಿಯಾಗಿ ಬರುವುದೇ ಇಲ್ಲ.

ಪ್ರಯಾಣ: ಒಂದು ರಾತ್ರಿ ಜಾಸ್ತಿ ಇಟ್ಟುಕೊಳ್ಳಿ

ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಲೆಕ್ಕಕ್ಕೆ ಆರು ಗಂಟೆ, ಆದರೆ ಆ ಲೆಕ್ಕ ನಂಬಿ ನಾವು ಬಾಗಿಲ ಹೊರಗೆ ನಿಂತದ್ದು. ಕಾರ್ಯಕ್ರಮದ ಹಿಂದಿನ ದಿನವೇ ಹೋಗಿ ಉಳಿಯುವುದು ಒಳ್ಳೆಯದು. ಆಗದಿದ್ದರೆ ಹಿಂದಿನ ರಾತ್ರಿಯ ಬಸ್ಸು. ಅದೂ ಆಗದಿದ್ದರೆ ಬೆಳಗಿನ ಮೊದಲ ಬಸ್ಸು, ಅದಕ್ಕಿಂತ ತಡ ಬೇಡವೇ ಬೇಡ.

ಕುಶಾಲನಗರ, ಗೋಣಿಕೊಪ್ಪ ಕಡೆಯವರು ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯಬಹುದು. ರೈಲಾದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ, ನೇರ ಮೆಜೆಸ್ಟಿಕ್ ಹತ್ತಿರ ಇಳಿಸುತ್ತದೆ. ಬಸ್ಸಾದರೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲೇ ಇಳಿದುಬಿಡಿ. ದೀಪಾಂಜಲಿ ನಗರದ ಮೆಟ್ರೋ ಅಲ್ಲಿಗೆ ಹತ್ತಿರ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಿ: ಚೌಡಯ್ಯ ಭವನಕ್ಕಾದರೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿದು ಆಟೋ, ಪ್ರೆಸ್ಟೀಜ್ ಸೆಂಟರಿಗಾದರೆ ಕೋಣನಕುಂಟೆ ಕ್ರಾಸ್.

ಮುಂಬೈಗೆ ಹೋಗುವವರು ಮಡಿಕೇರಿ ಕಡೆಯವರಾದರೆ ಸಂಪಾಜೆ ಇಳಿದು ಮಂಗಳೂರು ವಿಮಾನ ನಿಲ್ದಾಣ, ವಿರಾಜಪೇಟೆ ಕಡೆಯವರಾದರೆ ಮಾಕುಟ್ಟ ಇಳಿದು ಕಣ್ಣೂರು. ಕಣ್ಣೂರಿನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಎಷ್ಟೋ ಅನುಕೂಲ. ಮಳೆಗಾಲದಲ್ಲಿ ಎರಡೂ ಘಾಟಿಯ ಸುದ್ದಿ ಕೇಳಿಕೊಂಡೇ ಹೊರಡಿ.

ಆ ದಿನ

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ. ಕುಪ್ಯ ಚೇಲೆಯೋ ಕೋಟೋ ಬೇಕಾಗಿಲ್ಲ, ಸುಮ್ನೆ ನೀಟಾಗಿರುವ ಬಟ್ಟೆ ಸಾಕು. ಒಂದು ತೆಳು ಸ್ವೆಟರ್ ಮಾತ್ರ ಇರಲಿ, ಎಸಿಯ ಚಳಿ ನಮ್ಮ ಚಳಿಯ ಹಾಗಲ್ಲ, ಎರಡು ಗಂಟೆ ಅಲುಗದೆ ಕೂತಾಗ ಕಾಲಿಗೆ ಹತ್ತುತ್ತದೆ. ಸರಸರ ಸದ್ದು ಮಾಡುವ ಜಾಕೆಟ್ ಬೇಡ.

ಊಟ ಮೊದಲೇ ಮುಗಿಸಿ, ಹೊಟ್ಟೆ ಬಿರಿಯುವಷ್ಟು ಬೇಡ. ನಾವು ಎರಡನೇ ಸಲ ಅಕ್ಕಿ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆ ನಾಲ್ಕಕ್ಕೇ ಹತ್ತಿರದ ಪಾರ್ಕಿನಲ್ಲಿ ಕೂತು ತಿಂದೆವು. ಒಳಗೆ ತಿಂಡಿ ಬಿಡುವುದಿಲ್ಲ. ಕೆಮ್ಮು ಇದ್ದರೆ ಮಧ್ಯಾಹ್ನ ಶುಂಠಿ ಕಾಳುಮೆಣಸಿನ ಕಷಾಯ ಕುಡಿಯಿರಿ, ಜೇಬಿನಲ್ಲಿ ಗಂಟಲ ಮಾತ್ರೆ ಇರಲಿ, ಅದರ ಕಾಗದ ಮಾತ್ರ ಹೊರಗೇ ಬಿಚ್ಚಿಟ್ಟುಕೊಳ್ಳಿ. ಒಂಟಿ ಪಿಟೀಲು ನುಡಿಯುವಾಗ ಪ್ಲಾಸ್ಟಿಕ್ ಕಾಗದದ ಸದ್ದು ಹತ್ತು ಸಾಲಿಗೆ ಕೇಳುತ್ತದೆ.

ಚಿಕ್ಕ ಮಕ್ಕಳನ್ನು ಕರೆದೊಯ್ಯುವುದಾದರೆ ವಯಸ್ಸಿನ ಮಿತಿ ಏನಾದರೂ ಇದೆಯಾ ಅಂತ ನೋಡಿ. ಪರದೆಯ ಕಾರ್ಯಕ್ರಮಗಳಲ್ಲಿ ಮೈಕ್ ಹಾಕಿ ಜೋರಾಗಿ ಕೇಳಿಸುತ್ತಾರೆ, ಮಕ್ಕಳ ಕಿವಿಗೆ ಇಯರ್‌ಪ್ಲಗ್ ಬೇಕು. ಜೊತೆಗೆ, ನೀವು ನೋಡಿದ ಧಾರಾವಾಹಿಯ ದೃಶ್ಯಗಳೆಲ್ಲ ಮಕ್ಕಳು ನೋಡುವಂಥದ್ದಾ ಎಂದೂ ಯೋಚಿಸಿ.

ಮುಕ್ಕಾಲು ಗಂಟೆ ಮೊದಲೇ ಬಾಗಿಲ ಹತ್ತಿರ ಇರಿ. ಕಾರ್ಯಕ್ರಮ ಪಟ್ಟಿ ಕೊಟ್ಟರೆ ದೀಪ ಆರುವ ಮುಂಚೆ ಓದಿ ಮುಗಿಸಿ. ಫೋನನ್ನು ವೈಬ್ರೇಟ್‌ನಲ್ಲಿ ಇಡಬೇಡಿ, ಪೂರ್ತಿ ಆಫ್ ಮಾಡಿ. ರೆಕಾರ್ಡ್ ಮಾಡುವ ಆಸೆ ಬಿಟ್ಟುಬಿಡಿ, ಆ ಪುಟ್ಟ ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಚುಚ್ಚುತ್ತದೆ.

ಒಳಗೆ: ಎಲ್ಲಿ ನೋಡಬೇಕು, ಯಾವಾಗ ಚಪ್ಪಾಳೆ

ಮುಂದಿನ ಸಾಲಿನ ಮುಖ್ಯ ಪಿಟೀಲುಗಾರರು ಬಂದಾಗ ಒಂದು ಚಪ್ಪಾಳೆ. ಸ್ವರ ಕೂಡಿಸುವಾಗ ಮೌನ. ಎದುರು ನಿಂತು ಕೈ ಬೀಸಿ ಇಡೀ ತಂಡವನ್ನು ನಡೆಸುವ ನಿರ್ವಾಹಕರು ಬಂದಾಗ ಇನ್ನೊಂದು ಚಪ್ಪಾಳೆ. ಧಾರಾವಾಹಿ ಸಂಗೀತದಲ್ಲಿ ಒಂದೊಂದು ತುಣುಕೂ ಬೇರೆ ಬೇರೆ, ಹಾಗಾಗಿ ಪ್ರತಿಯೊಂದರ ಕೊನೆಗೂ ಚಪ್ಪಾಳೆ ತಟ್ಟಬಹುದು. ಆದರೆ ಸದ್ದು ನಿಂತ ಕೂಡಲೇ ಅಲ್ಲ. ನಿರ್ವಾಹಕರ ಕೈ ಇನ್ನೂ ಮೇಲೇ ಇರುತ್ತದೆ, ಆ ಕೈ ಇಳಿಯುವ ತನಕ ತಡೆಯಿರಿ. ಕೊನೆಯ ಸ್ವರ ಗೋಡೆಗೆ ತಾಗಿ ಆರುವ ಆ ಎರಡು ಮೂರು ಕ್ಷಣ ಇದೆಯಲ್ಲ, ಅದೂ ಸಂಗೀತವೇ. ವಾಲಗಕ್ಕೆ ಕುಣಿದು ಬೆಳೆದ ನಮಗೆ ಇಷ್ಟು ಸುಮ್ಮನೆ ಕೂರುವುದು ಮೊದಲು ಕಷ್ಟವೇ, ಬೆರಳಿನಲ್ಲಿ ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಾಕಿ, ಯಾರಿಗೂ ತೊಂದರೆಯಿಲ್ಲ.

ಪರದೆ ಇದ್ದರೂ ಪೂರ್ತಿ ಅದನ್ನೇ ನೋಡಬೇಡಿ. ಆ ದೃಶ್ಯ ಮನೆಯಲ್ಲೂ ಸಿಗುತ್ತದೆ. ವೇದಿಕೆ ನೋಡಿ. ಪಿಟೀಲಿನ ಕಮಾನುಗಳೆಲ್ಲ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೋಗುತ್ತವೆ, ನಾಟಿ ಗದ್ದೆಯಲ್ಲಿ ಸಾಲಾಗಿ ಬಗ್ಗಿದವರ ಕೈಗಳ ಹಾಗೆ. ಅದು ತಾನಾಗಿ ಆದದ್ದಲ್ಲ, ಯಾವ ಸ್ವರಕ್ಕೆ ಕಮಾನು ಯಾವ ಕಡೆ ಅಂತ ಮೊದಲೇ ತೀರ್ಮಾನಿಸಿ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿರುತ್ತಾರೆ. ಇಬ್ಬರಿಗೆ ಒಂದು ಪುಸ್ತಕ. ಪುಟ ಮುಗಿದಾಗ ಒಳಗಡೆ ಕೂತವರು ನುಡಿಸುವುದು ನಿಲ್ಲಿಸಿ ಪುಟ ತಿರುಗಿಸುತ್ತಾರೆ, ಪಕ್ಕದವರು ನಿಲ್ಲಿಸುವುದಿಲ್ಲ. ಹಿಂದೆ ಟಿಂಪನಿ ಎಂಬ ನಗಾರಿಯವರನ್ನು ಗಮನಿಸಿ: ಬೇರೆಯವರು ಜೋರಾಗಿ ನುಡಿಸುತ್ತಿರುವಾಗಲೇ ಅವರು ನಗಾರಿಯ ಚರ್ಮಕ್ಕೆ ಕಿವಿ ತಾಗುವಷ್ಟು ಬಗ್ಗಿ, ಬೆರಳ ತುದಿಯಿಂದ ತಟ್ಟಿ, ಕಾಲಿನ ಪೆಡಲ್ ಒತ್ತಿ ಮುಂದಿನ ಸ್ವರಕ್ಕೆ ಹದ ಮಾಡಿಕೊಳ್ಳುತ್ತಿರುತ್ತಾರೆ. ಅಷ್ಟು ಗದ್ದಲದ ನಡುವೆ ಒಬ್ಬರೇ ಕಿವಿಗೊಟ್ಟು ಕೂತ ಆ ಮುಖವನ್ನು ನಾನು ಮರೆತಿಲ್ಲ. ಪರದೆಯ ಕಾರ್ಯಕ್ರಮವಾದರೆ ನಿರ್ವಾಹಕರ ಕಿವಿಯಲ್ಲಿ ಒಂದು ಇಯರ್‌ಫೋನ್ ಕಾಣಬಹುದು. ಅದರಲ್ಲಿ ಟಿಕ್ ಟಿಕ್ ಎಂಬ ಲಯ ಕೇಳುತ್ತಿರುತ್ತದೆ. ಪರದೆಯ ಮೇಲೆ ಕತ್ತಿ ಇಳಿಯುವುದಕ್ಕೂ ನಗಾರಿ ಬೀಳುವುದಕ್ಕೂ ಕೂದಲೆಳೆ ವ್ಯತ್ಯಾಸ ಬಾರದಿರುವುದು ಹಾಗೆ.

ಕೊನೆಗೆ ಎದ್ದು ಓಡಬೇಡಿ. ಬಸ್ ಹಿಡಿಯಬೇಕು ಅಂತ ಎಷ್ಟೋ ಜನ ಕೊನೆಯ ತುಣುಕಿನ ಮಧ್ಯೆಯೇ ಎದ್ದುಬಿಡುತ್ತಾರೆ. ಚಪ್ಪಾಳೆ ನಿಲ್ಲದಿದ್ದರೆ ನಿರ್ವಾಹಕರು ವಾಪಸ್ ಬಂದು ಇನ್ನೊಂದು ನುಡಿಸುವುದುಂಟು. ಬಾಗಿಲ ಹೊರಗೆ ನಿಂತ ಆ ಮೊದಲ ರಾತ್ರಿ ನಮಗೆ ಸಿಕ್ಕಿದ್ದು ಅದೇ. ವಾಪಸ್ ಬಂದವರು ಏನೂ ಹೇಳಲಿಲ್ಲ, ಬಲಕ್ಕೆ ತಿರುಗಿ ಚೆಲ್ಲೋದವರ ಕಡೆ ಕೈ ಚಾಚಿದರು. ತಂಗಿ ನನ್ನ ತೋಳು ಹಿಡಿದು "ಅಣ್ಣಾ, ಅದೇ ಅಲ್ವಾ?" ಅಂದಳು. ಅದೇ. ಶೀರ್ಷಿಕೆ ಸಂಗೀತ, ಮೊದಲಿನಿಂದ.

ಹಾಗಾಗಿ ವಾಪಸ್ ಬಸ್ಸನ್ನು ರಾತ್ರಿ ಹನ್ನೊಂದರ ಮೇಲಿನದ್ದೇ ಹಿಡಿಯಿರಿ, ಇಲ್ಲವೇ ಉಳಿದು ಬೆಳಿಗ್ಗೆ ಹೊರಡಿ. ಸ್ವಂತ ಗಾಡಿಯಲ್ಲಿ ಹೋದ ಕುಟ್ಟದ ಕಡೆಯವರು ನಾಗರಹೊಳೆ ದಾರಿ ನೆಚ್ಚಿಕೊಳ್ಳಬೇಡಿ, ಕಾಡಿನ ಗೇಟು ರಾತ್ರಿ ಮುಚ್ಚಿರುತ್ತದೆ, ಗೋಣಿಕೊಪ್ಪ ಸುತ್ತಿ ಬನ್ನಿ.

ಮನೆಗೆ ಬಂದ ವಾರದೊಳಗೆ ನಿಮಗೆ ಇಷ್ಟವಾದ ಒಂದು ಸಂಚಿಕೆ ಮತ್ತೆ ಹಾಕಿ ನೋಡಿ. ನಾವು ಹಾಕಿದ್ದು ಆ ಆರನೇ ಸೀಸನ್ನಿನ ಕೊನೆಯದು. ಹೊರಗೆ ಮಳೆ ಹಿಡಿದಿತ್ತು, ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತು ಅರ್ಧ ಕೇಳುತ್ತಿರಲಿಲ್ಲ. ಆದರೂ ಪಿಯಾನೋದ ಹಿಂದೆ ಮೆಲ್ಲಗೆ ಚೆಲ್ಲೋ ಸೇರಿಕೊಂಡದ್ದು ಇಬ್ಬರಿಗೂ ಒಟ್ಟಿಗೆ ಕೇಳಿಸಿತು, ಅಷ್ಟು ಸಲ ನೋಡಿದ್ದರೂ ಅಲ್ಲಿ ಚೆಲ್ಲೋ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ.